ಅಪ್ಪನ ಗೊರಕೆ ನಡುನಡುವೆ ನಿಂತೇಹೋಗುತ್ತದೆ, ಇದು ಕಾಯಿಲೆಯಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು. ಅಪ್ಪನಿಗೆ 56 ವರ್ಷ, ತೂಕ 92 ಕೆಜಿ, ಮೆಕ್ಕೆಜೋಳದ ವ್ಯಾಪಾರ. ರಾತ್ರಿ ಅವರ ಗೊರಕೆ ಪಡಸಾಲೆಯವರೆಗೂ ಕೇಳುತ್ತದೆ. ಒಮ್ಮೊಮ್ಮೆ ಸದ್ದು ಪೂರ್ತಿ ನಿಂತು, ಆಮೇಲೆ ಗಕ್ಕನೆ ಉಸಿರೆಳೆದು ಹೊರಳುತ್ತಾರೆ. ಬೆಳಗಿನ ಜಾವ ಇದು ಇನ್ನೂ ಜಾಸ್ತಿ. ಅವ್ವ ಎದ್ದು ಕೂತು ಅಲುಗಾಡಿಸುತ್ತಾಳೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ, ಆದರೆ ಶುಗರ್ ಇಲ್ಲ. ಬಿಪಿಗೆ ಮೂರು ಮಾತ್ರೆ ನುಂಗಿದರೂ ಹತೋಟಿಗೆ ಬಂದಿಲ್ಲ. ಹಗಲು ಅಂಗಡಿಯಲ್ಲಿ ಕೂತಲ್ಲೇ ತೂಕಡಿಸುತ್ತಾರೆ. ಹೋದ ತಿಂಗಳು ಹಾವೇರಿಯಿಂದ ಬರುವಾಗ ಕಾರು ಓಡಿಸುತ್ತಲೇ ಕಣ್ಣು ಮುಚ್ಚಿ ರಸ್ತೆಯಿಂದ ಕೆಳಗಿಳಿದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಸ್ಲೀಪ್ ಸ್ಟಡಿ ಮಾಡಿಸಿದೆವು. ಎಎಚ್‌ಐ 42, ಆಕ್ಸಿಜನ್ 74ಕ್ಕೆ ಇಳಿದಿದೆ ಎಂದಿದೆ. ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗುವ ಯಂತ್ರ ಬೇಕು ಅಂದರು. ಅಪ್ಪ "ನಾನೇನು ಐಸಿಯು ಪೇಷಂಟಾ?" ಅಂತ ಸಿಟ್ಟಾಗುತ್ತಾರೆ. ಇದು ಅಷ್ಟು ದೊಡ್ಡ ಕಾಯಿಲೆಯಾ? ಯಾಕೆ ಬರುತ್ತದೆ? ಮಾತ್ರೆಯಲ್ಲೋ ಆಪರೇಷನ್‌ನಲ್ಲೋ ಹೋಗುವುದಿಲ್ಲವಾ?

ಉತ್ತರ: ಬೇರೆ ಮಾತಿಗೆ ಮೊದಲು ಒಂದು ಕೆಲಸ ಮಾಡಿ. ಅಪ್ಪನ ಕೈಯಿಂದ ಕಾರಿನ ಕೀ ಇಸಿದುಕೊಳ್ಳಿ. ಚಿಕಿತ್ಸೆ ಶುರುವಾಗಿ, ಹಗಲಿನ ತೂಕಡಿಕೆ ನಿಂತಿದೆ ಎಂದು ಅವರ ಡಾಕ್ಟರು ಹೇಳುವವರೆಗೆ ಕಾರೂ ಬೇಡ, ಬೈಕೂ ಬೇಡ. ನಿದ್ದೆಗೆ ಜಾರುವವರಿಗೆ ತಾವು ಜಾರುತ್ತಿರುವುದು ಗೊತ್ತಾಗುವುದಿಲ್ಲ. "ಕಣ್ಣು ಸ್ವಲ್ಪ ಎಳೆದ ಹಾಗಾಯ್ತು" ಅಂತಷ್ಟೇ ಅನ್ನಿಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಆ ಎರಡು ಮೂರು ಸೆಕೆಂಡಿನಲ್ಲಿ 50–60 ಮೀಟರ್ ಸಾಗಿರುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಆ ಹಾವೇರಿ ರಸ್ತೆಯ ಸಾಲು.

ಇನ್ನು ಕಾಯಿಲೆಯ ಮಾತು. ಹೌದು, ಇದು ಕಾಯಿಲೆಯೇ. ಹೆಸರು ಸ್ಲೀಪ್ ಅಪ್ನಿಯ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಂತುಹೋಗುವುದು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅಂತೀವಲ್ಲ. ಅಂಗಡಿಯಲ್ಲಿ ಕೂತಲ್ಲೇ ಮಲಗುವವರನ್ನು ನೋಡಿ ಊರವರು ಹಾಗೇ ಅಂದುಕೊಳ್ಳುತ್ತಾರೆ. ಜೋರಾಗಿ ಗೊರಕೆ ಹೊಡೆದರೆ "ಎಂಥಾ ಗಾಢ ನಿದ್ದೆ ನೋಡು" ಅಂತಾರೆ. ನಾನು ಇಷ್ಟು ವರ್ಷಗಳಲ್ಲಿ ನೋಡಿದ್ದು ಬೇರೆಯೇ. ಸಂತೆಯಲ್ಲಿ ನಿದ್ದೆ ಬರುತ್ತಿದೆ ಅಂದರೆ ಮನೆಯಲ್ಲಿ ನಿದ್ದೆ ಆಗುತ್ತಿಲ್ಲ ಎಂದೇ ಅರ್ಥ. ನಿಮ್ಮ ಅಪ್ಪ ಎಂಟು ಗಂಟೆ ಹಾಸಿಗೆ ಮೇಲೆ ಇರುತ್ತಾರೆ, ನಿಜ. ಆದರೆ ಆ ಎಂಟು ಗಂಟೆ ಅವರ ಮೆದುಳು ಉಸಿರಿಗಾಗಿ ಗುದ್ದಾಡುತ್ತಿರುತ್ತದೆ.

ಅದು ಹೇಗೆ ಅಂತ ಹೇಳುತ್ತೇನೆ. ಈಗ ಎಳನೀರಿಗೆ ಕಾಗದದ ಸ್ಟ್ರಾ ಕೊಡುತ್ತಾರಲ್ಲ, ಅದು ನೆನೆದು ಮೆತ್ತಗಾದ ಮೇಲೆ ಏನಾಗುತ್ತದೆ? ಜೋರಾಗಿ ಎಳೆದಷ್ಟೂ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ನೀರು ಬರುವುದಿಲ್ಲ. ನಮ್ಮ ಗಂಟಲೂ ಅಂಥದ್ದೇ ಕೊಳವೆ. ಮೂಗಿನ ಹಿಂದಿನಿಂದ ಧ್ವನಿಪೆಟ್ಟಿಗೆಯವರೆಗಿನ ಭಾಗವನ್ನು ಸುತ್ತಲಿನ ಸ್ನಾಯುಗಳೇ ತೆರೆದಿಟ್ಟಿರಬೇಕು. ಎಚ್ಚರವಿದ್ದಾಗ ಅವು ಬಿಗಿಯಾಗಿರುತ್ತವೆ. ನಿದ್ದೆ ಬಂದಾಗ ಸಡಿಲವಾಗುತ್ತವೆ. ದಾರಿ ಸ್ವಲ್ಪ ಕಿರಿದಾದರೆ ಅಂಗುಳ, ಕಿರುನಾಲಿಗೆ ಗಾಳಿಗೆ ಅದುರುತ್ತವೆ, ಅದೇ ಗೊರಕೆ. ಪೂರ್ತಿ ಮುಚ್ಚಿಕೊಂಡರೆ ಸದ್ದೇ ಇಲ್ಲ. ನಿಮ್ಮ ಅವ್ವನಿಗೆ ಕೇಳಿಸುವ ಆ ಮೌನ ಇದೇ. ಎದೆ ಗಾಳಿಗಾಗಿ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕೊನೆಗೆ ಮೆದುಳು ಬೆಚ್ಚಿ ಒಂದರ್ಧ ಎಚ್ಚರವಾಗುತ್ತದೆ. ಸ್ನಾಯು ಬಿಗಿಯಾಗುತ್ತವೆ, ಗಂಟಲು ತೆರೆಯುತ್ತದೆ, ಗಕ್ಕನೆ ಉಸಿರು ಬರುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಬೆಳಿಗ್ಗೆ ಕೇಳಿದರೆ ಅವರಿಗೆ ಏನೂ ನೆನಪಿರುವುದಿಲ್ಲ. ಹಾಗಾಗಿ "ನನಗೇನೂ ಆಗಿಲ್ಲ, ಚೆನ್ನಾಗೇ ಮಲಗಿದ್ದೆ" ಅಂತ ನಿಮ್ಮ ಅಪ್ಪ ಹೇಳಿದರೆ ಅದು ಹಟವಲ್ಲ. ಅವರಿಗೆ ನಿಜವಾಗಿಯೂ ಗೊತ್ತಿಲ್ಲ.

ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅನ್ನುವ ಲೆಕ್ಕ. ಒಂದೊಂದೂ ಕನಿಷ್ಠ 10 ಸೆಕೆಂಡ್ ಇದ್ದರೆ ಮಾತ್ರ ಎಣಿಕೆಗೆ ಸೇರುತ್ತದೆ. 5ರೊಳಗಿದ್ದರೆ ಸಾಮಾನ್ಯ. 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನಿಮ್ಮ ಅಪ್ಪನದು 42. ಏಳು ಗಂಟೆ ನಿದ್ದೆ ಎಂದು ಹಿಡಿದರೆ ಒಂದು ರಾತ್ರಿಗೆ ಹೆಚ್ಚೂಕಮ್ಮಿ 300 ಸಲ. ಹಗಲಿನಲ್ಲಿ ಯಾರಾದರೂ ನಮ್ಮ ಬಾಯಿ, ಮೂಗು 300 ಸಲ ಅದುಮಿ ಹಿಡಿದರೆ ಸುಮ್ನೆ ಇರುತ್ತೀವಾ? ರಕ್ತದ ಆಮ್ಲಜನಕ ನಮಗೆ ಸಾಮಾನ್ಯವಾಗಿ ಶೇಕಡಾ 95ರ ಆಚೀಚೆ ಇರಬೇಕು. 74 ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ನೀವು ಬೇರೆ ಬೇರೆ ಎಂದು ಬರೆದ ತೊಂದರೆಗಳೆಲ್ಲ ಒಂದೇ ದಾರದಲ್ಲಿವೆ. ಬೆಳಗಿನ ಜಾವ ಜಾಸ್ತಿ ಯಾಕೆ? ಕನಸು ಬೀಳುವ ಹಂತದ ನಿದ್ದೆ ರಾತ್ರಿಯ ಕೊನೆ ಭಾಗದಲ್ಲಿ ಹೆಚ್ಚು. ಆ ಹಂತದಲ್ಲಿ ಸ್ನಾಯುಗಳು ಎಲ್ಲಕ್ಕಿಂತ ಸಡಿಲ. ಮೂತ್ರಕ್ಕೆ ಏಳುವುದು ಯಾಕೆ? ಮುಚ್ಚಿದ ಗಂಟಲಿನ ವಿರುದ್ಧ ಎದೆ ಜೋರಾಗಿ ಎಳೆದಾಗ ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಎಂದು ಹೃದಯ ತಪ್ಪು ತಿಳಿಯುತ್ತದೆ. ನೀರು ಹೊರಹಾಕು ಎಂದು ಮೂತ್ರಪಿಂಡಕ್ಕೆ ಹಾರ್ಮೋನಿನ ಮೂಲಕ ಸುದ್ದಿ ಕಳಿಸುತ್ತದೆ. ಪ್ರಾಸ್ಟೇಟ್ ಅಂತ ಮಾತ್ರೆ ನುಂಗುತ್ತಾ ಇದ್ದವರಿಗೆ ಉಸಿರು ಸರಿಯಾದ ಮೇಲೆ ರಾತ್ರಿ ಏಳುವುದು ಕಡಿಮೆಯಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಿಪಿಯೂ ಹಾಗೇ. ನಿದ್ದೆಯಲ್ಲಿ ಬಿಪಿ ಇಳಿಯಬೇಕು. ಪ್ರತಿ ಸಲ ಬೆಚ್ಚಿದಾಗಲೂ ಅಡ್ರಿನಲಿನ್ ನುಗ್ಗಿದರೆ ಅದು ಇಳಿಯುವುದೆಲ್ಲಿ? ಮೂರು ಮಾತ್ರೆಗೂ ಬಗ್ಗದ ಬಿಪಿ ಇದ್ದವರೆಲ್ಲರಿಗೂ "ಗೊರಕೆ ಇದೆಯಾ?" ಎಂದು ಕೇಳಲೇಬೇಕು. ದುಃಖದ ವಿಷಯ, ಆ ಪ್ರಶ್ನೆ ಕೇಳುವವರು ಈಗಲೂ ಕಡಿಮೆ.

ಈಗ ಬಗೆಗಳು. ಸ್ಲೀಪ್ ಲ್ಯಾಬಿನ ಪರದೆ ಮುಂದೆ ನಿಮ್ಮನ್ನು ಒಂದು ನಿಮಿಷ ಕೂರಿಸುತ್ತೇನೆ, ಸುಲಭವಾಗಿ ತಿಳಿಯುತ್ತದೆ. ರಾತ್ರಿ ಎರಡು ಗಂಟೆ. ಒಳಗೆ ರೋಗಿ ಮಲಗಿದ್ದಾರೆ. ಪರದೆಯಲ್ಲಿ ಮೂರು ಗೆರೆ ನೋಡಿ ಸಾಕು. ಮೇಲಿನದು ಮೂಗಿನ ಗಾಳಿ, ನಡುವಿನದು ಎದೆಗೆ ಕಟ್ಟಿದ ಪಟ್ಟಿ, ಕೆಳಗಿನದು ಹೊಟ್ಟೆಗೆ ಕಟ್ಟಿದ ಪಟ್ಟಿ. ಮೂರೂ ಅಲೆಯ ಹಾಗೆ ಜೊತೆಯಾಗಿ ಏಳುತ್ತಾ ಬೀಳುತ್ತಾ ಇವೆ. ಇದ್ದಕ್ಕಿದ್ದ ಹಾಗೆ ಗಾಳಿಯ ಗೆರೆ ಸಪಾಟಾಯಿತು. ಎದೆ, ಹೊಟ್ಟೆ ಮಾತ್ರ ಆಡುತ್ತಲೇ ಇವೆ. ಅದೂ ಒಂದಕ್ಕೊಂದು ಎದುರಾಗಿ, ಎದೆ ಒಳಗೆ ಹೋದರೆ ಹೊಟ್ಟೆ ಹೊರಗೆ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಆಮ್ಲಜನಕದ ಅಂಕಿ 93, 88, 81 ಎಂದು ಇಳಿಯುತ್ತದೆ. ನೋಡುತ್ತಾ ಕೂತ ನಮಗೂ ಉಸಿರು ಕಟ್ಟಿದ ಹಾಗಾಗುತ್ತದೆ. ಆಮೇಲೆ ಮೆದುಳಿನ ಗೆರೆ ಒಮ್ಮೆ ಸಿಡಿದು, ಕಾಲು ಒದ್ದು, ದೊಡ್ಡ ಉಸಿರು. ಇದು ದಾರಿ ಮುಚ್ಚುವ ಬಗೆ, ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯ. ನಾವು ನೋಡುವವರಲ್ಲಿ ಬಹುಪಾಲು ಇದೇ. ನಿಮ್ಮ ಅಪ್ಪನ ಲಕ್ಷಣಗಳೂ ಇದನ್ನೇ ಹೇಳುತ್ತವೆ.

ಇನ್ನೊಂದು ಬಗೆಯಲ್ಲಿ ಮೂರೂ ಗೆರೆ ಒಟ್ಟಿಗೆ ಸಪಾಟಾಗುತ್ತವೆ. ದಾರಿ ತೆರೆದೇ ಇದೆ, "ಉಸಿರಾಡು" ಎಂದು ಮೆದುಳಿನಿಂದ ಹೇಳಿಕೆಯೇ ಬರುವುದಿಲ್ಲ. ಇದು ಸೆಂಟ್ರಲ್ ಅಪ್ನಿಯ. ಹೃದಯ ದುರ್ಬಲವಾದವರಲ್ಲಿ, ಪಾರ್ಶ್ವವಾಯು ಆದವರಲ್ಲಿ, ಮಾರ್ಫಿನ್ ಜಾತಿಯ ನೋವಿನ ಔಷಧ ತೆಗೆದುಕೊಳ್ಳುವವರಲ್ಲಿ ಕಾಣುತ್ತದೆ. ಲಡಾಖಿನಂಥ ಎತ್ತರಕ್ಕೆ ಹೋದಾಗ ಆರೋಗ್ಯವಾಗಿರುವವರಿಗೂ ಕೆಲವು ರಾತ್ರಿ ಹೀಗಾಗುತ್ತದೆ. ಎರಡೂ ಬೆರೆತಿರುವುದೂ ಉಂಟು. ಬಗೆ ಯಾವುದೆಂದು ತಿಳಿಯುವುದು ಯಾಕೆ ಮುಖ್ಯ ಅಂದರೆ ಚಿಕಿತ್ಸೆ ಬೇರೆಯಾಗುತ್ತದೆ. ಸೆಂಟ್ರಲ್ ಬಗೆಗೆಂದು ಮಾಡಿದ ಎಎಸ್‌ವಿ ಎಂಬ ಯಂತ್ರ, ಹೃದಯದ ಪಂಪಿಂಗ್ ತೀರಾ ಕುಗ್ಗಿದವರಿಗೆ ಒಳಿತಿಗಿಂತ ಕೆಡುಕನ್ನೇ ಮಾಡೀತು ಎಂದು 2015ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತು. ಹಾಗಾಗಿ ರಿಪೋರ್ಟಿನಲ್ಲಿ ಬರೀ 42 ನೋಡಿ ಮುಗಿಸಬೇಡಿ. ಅದರಲ್ಲಿ ಅಬ್‌ಸ್ಟ್ರಕ್ಟಿವ್ ಎಷ್ಟು, ಸೆಂಟ್ರಲ್ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತಾರೆ. ಅದನ್ನು ಡಾಕ್ಟರ ಹತ್ತಿರ ಕೇಳಿ.

ಯಾಕೆ ಬರುತ್ತದೆ ಎಂದು ಕೇಳಿದ್ದೀರಿ. ತೂಕ ದೊಡ್ಡ ಕಾರಣ. ಕೊಬ್ಬು ಹೊಟ್ಟೆಯಲ್ಲಿ ಮಾತ್ರ ಸೇರುವುದಿಲ್ಲ, ಕತ್ತಿನ ಸುತ್ತ ಮತ್ತು ನಾಲಿಗೆಯ ಒಳಗೂ ಸೇರುತ್ತದೆ. ಅಪ್ಪನ ಕತ್ತಿಗೆ ಟೇಪು ಹಿಡಿದು ನೋಡಿ. 40 ಸೆಂಟಿಮೀಟರ್ ದಾಟಿದ್ದರೆ ಅದೂ ಒಂದು ಸುಳಿವು. ಆದರೆ ದಪ್ಪಗಿರುವವರಿಗೆ ಮಾತ್ರ ಅಂತ ತಿಳಿಯಬೇಡಿ. ಕೆಳದವಡೆ ಸಣ್ಣದಾಗಿ ಹಿಂದಕ್ಕಿದ್ದರೆ ನಾಲಿಗೆಗೆ ಜಾಗ ಸಾಲದೆ ಅದು ಗಂಟಲಿಗೆ ಬೀಳುತ್ತದೆ. ತೆಳ್ಳಗಿರುವ, ಗಲ್ಲ ಒಳಗಿರುವ ಎಷ್ಟೋ ಜನರಿಗೆ ತೀವ್ರ ಅಪ್ನಿಯ ಇರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಬರಬಹುದು, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಮೂಗು ಕಟ್ಟುವುದು, ಸಿಗರೇಟು, ಅಂಗಾತ ಮಲಗುವುದು ಎಲ್ಲವೂ ಸೇರುತ್ತವೆ. ಮಕ್ಕಳಲ್ಲಿ ಮುಖ್ಯ ಕಾರಣ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಊದುವುದು. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಶಾಲೆಯಲ್ಲಿ ಒಂದು ಕಡೆ ಕೂರದ ಮಗುವನ್ನು ಬೈಯುವ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಹಾಕಿದ ಅಂದಾಜಿನಂತೆ, ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಭಾರತೀಯರಿಗೆ ಇದು ಇದೆ. ಅಪ್ಪನಿಗೆ ಈ ಮಾತು ಹೇಳಿ. ತಾನೊಬ್ಬನೇ ರೋಗಿ ಅನ್ನುವ ಮುಜುಗರ ಸ್ವಲ್ಪ ಕಡಿಮೆಯಾದೀತು.

ಐಸಿಯು ಮಾತಿಗೆ ಬರೋಣ. ಅಪ್ಪನಿಗೆ ಹೇಳಿರುವ ಮಾಸ್ಕಿನ ಯಂತ್ರಕ್ಕೆ ಸಿಪ್ಯಾಪ್ ಅಂತಾರೆ. ಅದು ವೆಂಟಿಲೇಟರ್ ಅಲ್ಲ, ಆಕ್ಸಿಜನ್ ಕೊಡುವ ಯಂತ್ರವೂ ಅಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಸಣ್ಣ ಒತ್ತಡದಲ್ಲಿ ಮೂಗಿಗೆ ಊದುತ್ತದೆ, ಅಷ್ಟೇ. ನೆನೆದ ಸ್ಟ್ರಾ ಒಳಗೆ ಗಾಳಿ ತುಂಬಿ ಉಬ್ಬಿಸಿಟ್ಟ ಹಾಗೆ ಗಂಟಲು ತೆರೆದಿರುತ್ತದೆ. ಉಸಿರಾಡುವುದು ನಿಮ್ಮ ಅಪ್ಪನೇ. ಇದರ ಹುಟ್ಟಿನ ಕಥೆಯನ್ನೂ ಅವರಿಗೆ ಹೇಳಿ. 1980ರವರೆಗೆ ತೀವ್ರ ಅಪ್ನಿಯಕ್ಕೆ ಗಟ್ಟಿ ಚಿಕಿತ್ಸೆ ಎಂದರೆ ಕತ್ತಿನ ಮುಂದೆ ತೂತು ಮಾಡಿ ಉಸಿರಿಗೆ ದಾರಿ ಮಾಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಆ ವರ್ಷ, ತೂತು ಬೇಡವೆಂದ ಒಬ್ಬ ರೋಗಿಯ ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಊದಿ ನೋಡಿದರು. ಗಾಳಿಗೆ ಬಳಸಿದ್ದು ವ್ಯಾಕ್ಯೂಮ್ ಕ್ಲೀನರ್ ಥರದ ಮೋಟರು. ಆ ಮನುಷ್ಯ ರಾತ್ರಿಯಿಡೀ ನಿದ್ದೆ ಮಾಡಿದ. 1981ರಲ್ಲಿ ಅದು ಪ್ರಕಟವಾಯಿತು. ಅಂದರೆ ಮಾಸ್ಕ್ ಬಂದಿದ್ದೇ ಆಸ್ಪತ್ರೆಯ ಕಷ್ಟವನ್ನು ತಪ್ಪಿಸುವುದಕ್ಕೆ.

ಮಾಸ್ಕ್ ಬಿಟ್ಟುಬಿಡುವವರಲ್ಲಿ ಎಷ್ಟೋ ಜನ ಮೊದಲ ವಾರದಲ್ಲೇ ಬಿಡುತ್ತಾರೆ. ಅದಕ್ಕೆ ಆ ವಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೊದಲ ದಿನವೇ ರಾತ್ರಿ ಕಟ್ಟಿ ಮಲಗಿಸಬೇಡಿ. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಕೈಯಲ್ಲಿ ಹಿಡಿದು ಮೂಗಿಗೆ ಇಟ್ಟುಕೊಳ್ಳಲಿ. ಎರಡನೇ ದಿನ ಪಟ್ಟಿ ಹಾಕಿಕೊಂಡು ಕೂತಿರಲಿ. ಮೂರನೇ ದಿನ ಮಧ್ಯಾಹ್ನದ ನಿದ್ದೆಗೆ ಹಾಕಲಿ. ಗಾಳಿ ಮುಖಕ್ಕೆ ನುಗ್ಗಿದ ಹಾಗೆ ಅನ್ನಿಸಿದರೆ ಯಂತ್ರದಲ್ಲಿ ರ‍್ಯಾಂಪ್ ಎಂಬ ಸೌಲಭ್ಯ ಇದೆ. ಕಡಿಮೆ ಒತ್ತಡದಲ್ಲಿ ಶುರುವಾಗಿ ನಿಧಾನವಾಗಿ ಏರುತ್ತದೆ. ದಪ್ಪ ಮೀಸೆ ಇದ್ದವರಿಗೆ ಮೂಗಿನ ಸುತ್ತ ಕೂರುವ ಮಾಸ್ಕಿನಲ್ಲಿ ಗಾಳಿ ಸೋರುತ್ತದೆ. ಮೀಸೆ ತೆಗೆಯಿರಿ ಅಂದರೆ ನಮ್ಮ ಕಡೆ ಯಾರು ಒಪ್ಪುತ್ತಾರೆ? ಒಪ್ಪಬೇಕಾಗಿಯೂ ಇಲ್ಲ. ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವ, ನೇಸಲ್ ಪಿಲ್ಲೋ ಎನ್ನುವ ಸಣ್ಣ ಮಾಸ್ಕ್ ಸಿಗುತ್ತದೆ. ಬಾಯಿ ತೆರೆದು ಮಲಗುವವರಿಗೆ ಬೇರೆ ಅಳತೆ, ಬೇರೆ ಬಗೆ. ಮಾಸ್ಕನ್ನು ಅಂಗಡಿಯವರು ಕೊಟ್ಟಿದ್ದನ್ನು ತರಬೇಡಿ, ಅಪ್ಪನನ್ನೇ ಕರೆದುಕೊಂಡು ಹೋಗಿ, ಮಲಗಿಸಿ ಹಾಕಿ ನೋಡಿ. ಕೂತಾಗ ಸರಿಯಾಗಿದ್ದದ್ದು ಮಲಗಿದಾಗ ಸೋರುತ್ತದೆ. ಪಟ್ಟಿಯನ್ನು ತೀರಾ ಬಿಗಿದರೆ ಮೂಗಿನ ಮೇಲೆ ಗಾಯ ಆಗುತ್ತದೆ, ಸೋರುವುದೂ ಹೆಚ್ಚುತ್ತದೆ.

ಗಂಟಲು ಒಣಗಿದರೆ ಯಂತ್ರದ ಜೊತೆ ಬರುವ ನೀರಿನ ಡಬ್ಬಿ ಬಳಸಿ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಉಪ್ಪು ಕಟ್ಟುತ್ತದೆ. ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ಮಾಸ್ಕಿನಲ್ಲಿ ಗಾಳಿ ಹೊರಹೋಗಲು ಕಿಂಡಿಗಳಿರುತ್ತವೆ. ಎಚ್ಚರವಾಗುತ್ತದೆ, ತೆಗೆದಿಟ್ಟು ಮಲಗಬಹುದು. ಮನೆಯಲ್ಲಿ ಯುಪಿಎಸ್ ಇದ್ದರೆ ಆ ಚಿಂತೆಯೂ ಇಲ್ಲ. ಒಮ್ಮೆಲೇ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಒಂದು ತಿಂಗಳು ಬಾಡಿಗೆಗೆ ತಂದು ನೋಡಿ, ಹಲವು ಕಡೆ ಕೊಡುತ್ತಾರೆ. ಹಳೆಯದು ಕಡಿಮೆಗೆ ಸಿಗುತ್ತದೆ ಎಂದು ಕಣ್ಣು ಮುಚ್ಚಿ ಕೊಳ್ಳಬೇಡಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ವಾಪಸ್ ಕರೆದಿತ್ತು. ಸದ್ದು ತಗ್ಗಿಸಲು ಒಳಗೆ ಇಟ್ಟಿದ್ದ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದು ಎಂಬುದು ಕಾರಣ. ಹಳೆ ಯಂತ್ರವಾದರೆ ಮಾಡೆಲ್ ಯಾವುದು ಎಂದು ನೋಡಲೇಬೇಕು.

ಒಂದು ವಿಷಯ ಮುಚ್ಚಿಡುವುದಿಲ್ಲ. ಮಾಸ್ಕ್ ಹಾಕಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಎಂದು ಮಾರುವವರು ಹೇಳುತ್ತಾರೆ. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಸಾಬೀತಾಗಲಿಲ್ಲ. ಆದರೆ ಅದರಲ್ಲಿದ್ದವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಮಾಸ್ಕ್ ಹಾಕಿದ್ದರು. ಹಗಲು ವಿಪರೀತ ನಿದ್ದೆ ಬರುವವರನ್ನು ಸೇರಿಸಿಯೂ ಇರಲಿಲ್ಲ. ಅಷ್ಟಾದರೂ ಗೊರಕೆ, ತೂಕಡಿಕೆ, ಮನಸ್ಸಿನ ಕುಗ್ಗು ಕಡಿಮೆಯಾಗಿದ್ದವು. ನಿಮ್ಮ ಅಪ್ಪನಿಗೆ ನಾನು ಮಾಸ್ಕ್ ಹೇಳುವುದು ಮುಖ್ಯವಾಗಿ ಎರಡಕ್ಕೆ: ರಸ್ತೆಯಲ್ಲಿ ಕಣ್ಣು ಮುಚ್ಚಬಾರದು, ಬಿಪಿ ಮಾತಿಗೆ ಬಗ್ಗಬೇಕು. ಬಿಪಿ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸುವುದು ಬೇಡ.

ತೂಕ ಇಳಿಸಿದರೆ ಸಾಲದಾ? ಖಂಡಿತ ಇಳಿಸಲಿ. ನೂರಕ್ಕೆ ಹತ್ತರಷ್ಟು ತೂಕ ಇಳಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಅಪ್ಪ 9 ಕೆಜಿ ಇಳಿಸಿದರೆ 42 ಹೋಗಿ 31ರ ಹತ್ತಿರ ಬಂದೀತು. ಆಗಲೂ ಅದು ತೀವ್ರವೇ. ಅದಕ್ಕೇ ತೂಕ ಇಳಿಯುವವರೆಗೆ ಕಾಯುತ್ತಾ ಕೂರುವುದು ಸರಿಯಲ್ಲ. ಎರಡೂ ಜೊತೆಯಾಗಿ ನಡೆಯಲಿ. ನಿದ್ದೆ ಸರಿಯಾದರೆ ಬೆಳಿಗ್ಗೆ ನಡೆಯುವ ಹುರುಪೂ ಬರುತ್ತದೆ. ಮಾತ್ರೆ ಎಂದು ಕೇಳಿದಿರಿ. ಗಂಟಲು ತೆರೆದಿಡುವ ಮಾತ್ರೆ ನಿಮ್ಮ ಅಪ್ಪನಿಗೆ ಬರೆದುಕೊಡಲು ನನ್ನ ಹತ್ತಿರ ಇಲ್ಲ. ಟಿರ್ಜೆಪಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದಿಗೆ, ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯ ಇರುವವರಿಗೆ ಕೊಡಬಹುದೆಂದು 2024ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಔಷಧ 2025ರಿಂದ ನಮ್ಮಲ್ಲೂ ಸಿಗುತ್ತಿದೆ. ವಾರಕ್ಕೊಂದು ಚುಚ್ಚುಮದ್ದು, ದುಬಾರಿ, ಡಾಕ್ಟರ ಕಣ್ಣಳತೆಯಲ್ಲೇ ಆಗಬೇಕು. ಅದು ಕೆಲಸ ಮಾಡಲು ತಿಂಗಳುಗಳು ಬೇಕು. ಅಷ್ಟರವರೆಗೆ ರಾತ್ರಿಗಳು ಕಾಯುವುದಿಲ್ಲವಲ್ಲ.

ಆಪರೇಷನ್ ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಟಾನ್ಸಿಲ್, ತೀರಾ ಹಿಂದಿರುವ ದವಡೆ ಇದ್ದರೆ ಒಳ್ಳೆಯ ಫಲ. ಅಂಗುಳ ಮತ್ತು ಕಿರುನಾಲಿಗೆಯ ಆಪರೇಷನ್ ಎಲ್ಲರಿಗೂ ಒಂದೇ ಥರ ಫಲ ಕೊಡುವುದಿಲ್ಲ. ಗೊರಕೆಯ ಸದ್ದು ನಿಂತು, ಉಸಿರು ನಿಲ್ಲುವುದು ಮುಂದುವರಿದದ್ದೂ ಇದೆ. ಅಂಥ ಆಪರೇಷನ್ ಆದ ಮೇಲೆ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಲೇಬೇಕು. ಸೌಮ್ಯ ಅಥವಾ ಮಧ್ಯಮ ಇದ್ದವರಿಗೆ, ಮಾಸ್ಕ್ ಒಗ್ಗದವರಿಗೆ, ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಹಲ್ಲಿನ ಅಳತೆ ತೆಗೆದು ಮಾಡಿಕೊಡುತ್ತಾರೆ. ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವವರು ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಚೆಂಡು ಇಟ್ಟುಕೊಳ್ಳುವುದುಂಟು. ಮಗ್ಗುಲಲ್ಲೇ ಮಲಗುವುದು ರೂಢಿಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಮೂಗಿನ ಕ್ಲಿಪ್ಪು ಇಂಥ ಕಾಯಿಲೆಗೆ ಚಿಕಿತ್ಸೆಯಲ್ಲ.

ಎರಡು ಕಟ್ಟುನಿಟ್ಟು. ರಾತ್ರಿ ಕುಡಿಯುವ ಅಭ್ಯಾಸ ಇದ್ದರೆ ನಿಲ್ಲಿಸಲಿ. ಮೊದಲೇ ಸಡಿಲವಾಗಿರುವ ಗಂಟಲು ಮದ್ಯದಿಂದ ಇನ್ನೂ ಸಡಿಲವಾಗುತ್ತದೆ. "ನಿದ್ದೆ ಸರಿಯಾಗಲಿ" ಎಂದು ನಿದ್ದೆ ಮಾತ್ರೆ ಕೊಡಿಸಬೇಡಿ, ಬೆಚ್ಚಿ ಏಳುವ ಮೆದುಳನ್ನೇ ಅದು ಮಲಗಿಸುತ್ತದೆ. ಮುಂದೆ ಹರ್ನಿಯಾನೋ ಕಣ್ಣೋ ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಈ ಕಾಯಿಲೆಯ ಮಾತು ಮೊದಲೇ ಹೇಳಿ, ಯಂತ್ರವನ್ನೂ ಜೊತೆಗೆ ಒಯ್ಯಿರಿ.

ಅಪ್ಪನನ್ನು ಒಪ್ಪಿಸಲು ಒಂದು ದಾರಿ ಇದೆ. ಇವತ್ತು ರಾತ್ರಿ, ಅವರ ಒಪ್ಪಿಗೆ ತೆಗೆದುಕೊಂಡು, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮೊಬೈಲಿನಲ್ಲಿ ಹತ್ತು ನಿಮಿಷ ವಿಡಿಯೋ ಮಾಡಿ. ಬೆಳಿಗ್ಗೆ ಕಾಫಿ ಆದ ಮೇಲೆ ಪಕ್ಕದಲ್ಲಿ ಕೂತು ತೋರಿಸಿ. ಬೈಯಬೇಡಿ, ನಗಬೇಡಿ. ರಿಪೋರ್ಟಿಗೆ ಬಗ್ಗದ ಎಷ್ಟೋ ಗಂಡಸರು ತಮ್ಮ ಎದೆ ಗಾಳಿ ಇಲ್ಲದೆ ಎಳೆಯುವುದನ್ನು ನೋಡಿ, ಪಕ್ಕದಲ್ಲಿ ಕೂತ ಹೆಂಡತಿಯ ಕೈ ಅಲುಗಾಡಿಸುವುದನ್ನು ನೋಡಿ, ಮರುದಿನವೇ ಬಂದಿದ್ದಾರೆ.

ಯಂತ್ರ ತಂದ ಮೇಲೆ ವಾರಕ್ಕೊಮ್ಮೆ ಅದರ ಲೆಕ್ಕ ನೋಡಿ. ಎಷ್ಟು ಗಂಟೆ ಹಾಕಿದರು, ಎಷ್ಟು ಸೋರಿತು, ಎಎಚ್‌ಐ ಎಷ್ಟಕ್ಕೆ ಬಂತು ಎಲ್ಲ ಅದರಲ್ಲೇ ದಾಖಲಾಗುತ್ತದೆ. ರಾತ್ರಿಗೆ ನಾಲ್ಕು ಗಂಟೆ ಎಂಬುದು ಕನಿಷ್ಠ ಲೆಕ್ಕ ಮಾತ್ರ, ಮಲಗಿದಷ್ಟು ಹೊತ್ತೂ ಹಾಕುವುದು ಗುರಿ. ಅದರಲ್ಲೂ ಬೆಳಗಿನ ಜಾವ ತೆಗೆದಿಡಬಾರದು, ಕಾಯಿಲೆ ಜೋರಾಗುವುದೇ ಆಗ. ಎಎಚ್‌ಐ 5ರ ಕೆಳಗೆ ಇಳಿಯದಿದ್ದರೆ ಅಥವಾ ಯಂತ್ರ ಹಾಕಿದ ಮೇಲೆ ಸೆಂಟ್ರಲ್ ಬಗೆಯದು ಕಾಣಿಸಿದರೆ ಡಾಕ್ಟರಿಗೆ ತೋರಿಸಿ. ಹಲವರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ.

ಡಾಕ್ಟರ ಹತ್ತಿರ ಹೋಗುವ ದಿನ ನಿಮ್ಮ ಅವ್ವನನ್ನೂ ಕರೆದುಕೊಂಡು ಹೋಗಿ. ಅಪ್ಪನ ಕಾಯಿಲೆಗೆ ಅವರೇ ದೊಡ್ಡ ಸಾಕ್ಷಿ, ಡಾಕ್ಟರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅವರ ಹತ್ತಿರ ಇದೆ. ಇನ್ನೊಂದು ಕಾರಣವೂ ಇದೆ. ಅವರೂ ಇಷ್ಟು ವರ್ಷ ಸರಿಯಾಗಿ ಮಲಗಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಈ ಕಾಯಿಲೆ ಹೆಚ್ಚುತ್ತದೆ. ಅವರಲ್ಲಿ ದೊಡ್ಡ ಗೊರಕೆ ಇಲ್ಲದೆ ಬರೀ ಸುಸ್ತು, ಬೆಳಿಗ್ಗೆ ತಲೆನೋವು, ನಡುರಾತ್ರಿ ಎಚ್ಚರ ಅಂತ ಕಾಣಿಸಿಕೊಳ್ಳುವುದು ಜಾಸ್ತಿ. ಅಪ್ಪನ ಮಾಸ್ಕ್ ಒಗ್ಗಿ, ಮನೆ ಸದ್ದಿಲ್ಲದೆ ಮಲಗಿದ ಮೇಲೂ ಅವ್ವನ ಸುಸ್ತು ಹೋಗದಿದ್ದರೆ ಬಿಪಿ, ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಅವರಿಗೂ ಒಂದು ರಾತ್ರಿ ಸ್ಲೀಪ್ ಸ್ಟಡಿ ಬೇಕಾ ಎಂದು ಅದೇ ಡಾಕ್ಟರನ್ನು ಕೇಳಿ.